ಬಿಟ್ಟ ಸ್ಥಳ

ಬೆಳಗಿನ ಬಟ್ಟೆ ಒಗೆದಾಗಿತ್ತು. ಕೊನೆಗೆ ಉಳಿದ ದೊಡ್ಡ ಹೊದಿಕೆಯನ್ನು ತಾಯಿ ಹಿಂಡುತ್ತಿದ್ದಳು. ಹೊದಿಕೆ ಹಿಂಡುವುದಕ್ಕೆ ಇಬ್ಬರು ಬೇಕು. ಒಬ್ಬಳೇ ಇದ್ದಾಗ ಅವಳು ಒಂದು ತುದಿಯನ್ನು ನಲ್ಲಿಗೆ ಸುತ್ತಿ, ಇನ್ನೊಂದನ್ನು ಕೈಯಲ್ಲಿ ಹಿಡಿದು ತಿರುಚುತ್ತಾ ಹೋಗುತ್ತಿದ್ದಳು. ಹೊದಿಕೆ ಹುರಿಗೊಂಡು ಹಗ್ಗದಂತಾಗಿ, ನೀರು ಸುರಿಯತೊಡಗಿದ ಹೊತ್ತಿಗೆ ಒಳಗಿನ ಕೋಣೆಯಿಂದ ಗುನುಗು ಕೇಳಿಸಿತು.

ಒಳಗೆ ಮಗಳು ಶಾಲೆಯ ಚೀಲ ತುಂಬಿಕೊಳ್ಳುತ್ತಿದ್ದಳು. ಒಂಬತ್ತು ವರ್ಷದ ಹುಡುಗಿ, ಗುನುಗಿದರೆ ಗುನುಗಲಿ. ಆದರೆ ಈ ರಾಗ! ನಾಲ್ಕು ಮೆಟ್ಟಿಲು ಮೇಲೆ ಹತ್ತಿತು, ಎರಡು ಕೆಳಗಿಳಿಯಿತು, ಮತ್ತೆ ಹತ್ತಬೇಕು ಅನ್ನುವಾಗ ಥಟ್ಟನೆ ನಿಂತಿತು. ನಿಂತ ಜಾಗದಲ್ಲಿ ಹಲ್ಲಿಗೆ ಹಲ್ಲು ತಾಗಿದ ಸಣ್ಣ ಸದ್ದು: ಕಟ್. ಆಮೇಲೆ ಏನೂ ಆಗಿಲ್ಲವೇನೋ ಎಂಬಂತೆ ರಾಗ ಮುಂದೆ ಹೋಯಿತು.

ತಾಯಿಯ ಕೈ ಸಡಿಲವಾಗಿ ಹೊದಿಕೆ ಗಿರಗಿರನೆ ಬಿಚ್ಚಿಕೊಂಡು, ಉಳಿದ ನೀರನ್ನೆಲ್ಲ ಅವಳ ಪಾದದ ಮೇಲೆ ಚೆಲ್ಲಿತು.

"ಗುಂಡೀ, ಏನೇ ಅದು ಹಾಡ್ತಿರೋದು?"

"ಯಾವುದು?"

"ಈಗ ಹಾಡಿದ್ಯಲ್ಲ."

"ನಾನೆಲ್ಲಿ ಹಾಡಿದೆ?" ಹುಡುಗಿ ಬಾಗಿಲಿಗೆ ಬಂದು ನಿಂತು ಒಂದು ಕ್ಷಣ ಯೋಚಿಸಿದಳು. "ಓ, ಅದಾ? ಅದು ಬಾಯಲ್ಲೇ ಇತ್ತು."

"ಯಾರು ಹೇಳಿಕೊಟ್ರು?"

"ಯಾರೂ ಇಲ್ಲಪ್ಪ. ನಿನ್ನ ಕಾಲು ನೋಡು, ಕೆರೆ ಆಗಿದೆ." ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಅಮ್ಮ, ಒಂದು ಮಾತು ಕೇಳ್ಲಾ?" ಎಂದಳು.

"ಕೇಳು."

ಹುಡುಗಿ ತಾಯಿಯ ಮುಖವನ್ನು ನೋಡಿದಳು. "ಏನಿಲ್ಲ ಬಿಡು," ಎಂದು ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿದು ಹೋದಳು.

ಗುಂಡಿ ಎಂದರೆ ಅಂಗಿಯ ಗುಂಡಿ. ಅಂಬೆಗಾಲಿಡುವಾಗ ಹೊಲಿಗೆ ಯಂತ್ರದ ಕೆಳಗೆ ಬಿದ್ದ ಗುಂಡಿಗಳನ್ನೆಲ್ಲ ಹೆಕ್ಕಿ ಬಾಯಿಗೆ ಹಾಕಿಕೊಳ್ಳುತ್ತಿದ್ದಳೆಂದು ಬಂದ ಹೆಸರು. ಶಾಲೆಯಲ್ಲಿ ಹುಡುಗರು ರಸ್ತೆಯ ಗುಂಡಿ ಎಂದು ಅಣಕಿಸಿದರೆ, "ಹೌದು, ನೋಡ್ಕೊಂಡು ನಡೀರಿ, ಬಿದ್ದು ಹಲ್ಲು ಮುರ್ಕೊಂಡೀರಿ" ಎನ್ನುವ ಬಾಯಿ ಅವಳದು. ಅಂಥ ಬಾಯಿಯ ಹುಡುಗಿ ಇತ್ತೀಚೆಗೆ ಒಂದು ಮಾತನ್ನು ತುಟಿಯವರೆಗೆ ತಂದು ನುಂಗಿಕೊಳ್ಳುತ್ತಿದ್ದಳು. ಇದು ಮೂರನೆಯ ಸಲ.

ಆ ಹೆಸರನ್ನು ಇಟ್ಟದ್ದು ತಾಯಿಯಲ್ಲ, ತಾಯಿಯ ಅಕ್ಕ. ಆ ಯಂತ್ರವೂ ಅಕ್ಕನದೇ. ಗುಂಡಿಯನ್ನು ಹೆತ್ತವಳೂ ಅಕ್ಕನೇ.

ಇದು ಗುಂಡಿಗೆ ಗೊತ್ತಿರಲಿಲ್ಲ.

ಅಕ್ಕ ಊರಿನವರ ಬಟ್ಟೆಯನ್ನೆಲ್ಲ ಹೊಲಿದು ಬದುಕಿದವಳು. ಗಂಡನೆಂಬುವನು ಮಗು ಹುಟ್ಟುವ ಮೊದಲೇ ಕಣ್ಮರೆಯಾಗಿದ್ದ. ಹೊಲಿಯುವಾಗ ಅಕ್ಕನ ಬಾಯಲ್ಲಿ ಸದಾ ಒಂದೇ ರಾಗ, ಅದಕ್ಕೆ ಮಾತಿಲ್ಲ. ಪಕ್ಕದಲ್ಲಿ ಕತ್ತರಿ ಬಿದ್ದಿದ್ದರೂ ಅವಳು ದಾರವನ್ನು ಹಲ್ಲಿನಲ್ಲೇ ಕಚ್ಚುತ್ತಿದ್ದಳು. ಕಚ್ಚುವಾಗ ರಾಗ ನಿಲ್ಲಲೇಬೇಕಲ್ಲ? ಹಾಗೆ ನಿಂತು ನಿಂತು, ಆ ನಿಲುಗಡೆಯೂ ರಾಗದ್ದೇ ಒಂದು ಭಾಗವಾಗಿಬಿಟ್ಟಿತು. ಸೂಜಿ ದಾರ ಕೈಯಲ್ಲಿ ಇಲ್ಲದಾಗ, ಅನ್ನ ಬಸಿಯುವಾಗ, ಮಗುವನ್ನು ತೊಡೆಯ ಮೇಲೆ ಹಾಕಿ ತಟ್ಟುವಾಗ ಕೂಡ ಆ ಜಾಗಕ್ಕೆ ಬಂದೊಡನೆ ಹಲ್ಲು ಕಟ್ ಅನ್ನುತ್ತಿತ್ತು. ತಂಗಿ ಅದನ್ನು ಅಣಕಿಸಿ ಅಣಕಿಸಿ ಸಾಕಾಗಿ ಬಿಟ್ಟಿದ್ದಳು.

ಗುಂಡಿಗೆ ಎರಡೂವರೆ ವರ್ಷವಾದಾಗ ಅಕ್ಕನಿಗೆ ಜ್ವರ ಬಂತು. ನಾಲ್ಕನೆಯ ದಿನ ಅಕ್ಕ ಇರಲಿಲ್ಲ.

ಮಗು ತಂಗಿಯ ಮನೆಗೆ ಬಂತು. ಆಗ ಅವಳನ್ನು ಅದು ಕರೆಯುತ್ತಿದ್ದದ್ದು 'ಚಿಮ್ಮ' ಎಂದು. ಚಿಕ್ಕಮ್ಮ ಎನ್ನಲು ನಾಲಿಗೆ ಹೊರಳುತ್ತಿರಲಿಲ್ಲ. ನಾಲ್ಕೈದು ತಿಂಗಳು ಹಾಗೇ ನಡೆಯಿತು. ಒಂದು ದಿನ ಬಾಗಿಲ ಸಂದಿಗೆ ಬೆರಳು ಸಿಕ್ಕಿ ಮಗು ಚೀರಿಕೊಂಡಿತು: "ಅಮ್ಮಾ!"

ಯಾರನ್ನು ಕರೆಯಿತೋ ಆ ಕರೆ! ಆದರೆ ಅಡುಗೆಮನೆಯಲ್ಲಿದ್ದವಳು "ಓ" ಎಂದುಬಿಟ್ಟಳು. ಓಡಿಬಂದು ಎತ್ತಿಕೊಂಡಳು. ಅವತ್ತಿನಿಂದ 'ಚಿ' ಉದುರಿಹೋಯಿತು. ಅಳತೆಗಿಂತ ಉದ್ದವಿದ್ದ ಬಟ್ಟೆಯ ಮುಂದಿನ ತುಂಡನ್ನು ಕತ್ತರಿಸಿ ಹಾಕಿದಂತೆ ಚಿಕ್ಕಮ್ಮ ಅಮ್ಮನಾದಳು. ಯಾರೂ ತಿದ್ದಲಿಲ್ಲ. ಇವತ್ತು ಹೇಳೋಣ, ಶಾಲೆಗೆ ಸೇರಿದ ಮೇಲೆ ಹೇಳೋಣ, ಇನ್ನೂ ಸ್ವಲ್ಪ ತಿಳಿವಳಿಕೆ ಬರಲಿ ಎನ್ನುತ್ತಾ ಮನೆ ಬದಲಾಯಿತು, ಬೀದಿ ಬದಲಾಯಿತು, ವಿಷಯ ಗೊತ್ತಿದ್ದವರೆಲ್ಲ ದೂರವಾದರು.

ಆದರೆ ಮಗಳು ಅಮ್ಮಾ ಎಂದು ಕರೆದಾಗಲೆಲ್ಲ, ಓ ಎನ್ನುವ ಮುಂಚೆ, ತನ್ನ ಬೆನ್ನ ಹಿಂದೆ ಇನ್ನೊಬ್ಬರು ತಿರುಗಿ ನೋಡಿದಂತೆ ತಾಯಿಗೆ ಅನಿಸುತ್ತಿತ್ತು. ಅದಕ್ಕೇ ಅವಳು ಆ ರಾಗವನ್ನು ಬಾಯಲ್ಲಿ ಎಂದೂ ತಂದವಳಲ್ಲ. ದಾರವನ್ನು ಎಂದೂ ಕಚ್ಚಿದವಳಲ್ಲ. ಕುತ್ತಿಗೆಗೆ ಹುರಿ ಕಟ್ಟಿ ಸಣ್ಣ ಕತ್ತರಿಯೊಂದನ್ನು ನೇತುಹಾಕಿಕೊಂಡೇ ಅವಳ ದಿನವೆಲ್ಲ ಕಳೆಯುತ್ತಿತ್ತು.

ಮನೆಯಲ್ಲೇ ಕೂತು ಅವಳೂ ಹೊಲಿಯುತ್ತಿದ್ದಳು: ಪ್ಯಾಂಟಿನ ಅಂಚು ಮಡಚುವುದು, ಜಿಪ್ ಬದಲಿಸುವುದು, ಕಿಟಕಿ ಪರದೆ. ಶನಿವಾರ ಮಧ್ಯಾಹ್ನ ಮಾತ್ರ ತನಗೋಸ್ಕರ. ವಾಚನಾಲಯದ ಮಹಡಿಯ ಕೋಣೆಯಲ್ಲಿ ಏಳೆಂಟು ಹೆಂಗಸರು ಸೇರಿ ಕೌದಿ ಹೊಲಿಯುತ್ತಿದ್ದರು. ಹೊದೆಯುವ ಕೌದಿಯಲ್ಲ, ಗೋಡೆಗೆ ಚಿತ್ರದಂತೆ ನೇತುಹಾಕುವ ಚಿಕ್ಕ ಕೌದಿ. ಅಲ್ಲಿಯ ಗುರು ಒಬ್ಬರು ನಿವೃತ್ತ ಡ್ರಾಯಿಂಗ್ ಟೀಚರು. ವರ್ಷಕ್ಕೊಂದು ಸಲ ಎಲ್ಲರಿಗೂ ಒಂದು ವಿಷಯ ಕೊಡುತ್ತಿದ್ದರು. ಈ ಸಲ ಹಲಗೆಯ ಮೇಲೆ ಬರೆದದ್ದು: 'ಬಿಟ್ಟ ಸ್ಥಳ.'

"ಪರೀಕ್ಷೇಲಿ ಬರ್ತಿತ್ತಲ್ಲ ಟೀಚರ್, ಬಿಟ್ಟ ಸ್ಥಳ ತುಂಬಿರಿ ಅಂತ?" ಎಂದಳು ಬೇಕರಿಯವಳು. "ನಾನು ಅದರಲ್ಲೇ ಫೇಲು."

"ಈ ಸಲ ತುಂಬಬೇಡಮ್ಮ. ಬಿಡು. ಬಿಟ್ಟಿದ್ದು ಕಾಣಿಸೋ ಹಾಗೆ ಹೊಲಿ." ಟೀಚರು ಸೀಮೆಸುಣ್ಣದ ಕೈ ಕೊಡವಿಕೊಂಡರು. "ಒಂದು ಮೊಳ ಉದ್ದ, ಒಂದು ಗೇಣು ಅಗಲ. ಜೊತೆಗೆ ಒಂದು ರಾಗ ಆರಿಸ್ಕೊಳ್ಳಿ. ಆ ರಾಗ ಹೇಗೆ ಹೋಗತ್ತೋ ಹೊಲಿಗೆ ಹಾಗೆ ಹೋಗ್ಬೇಕು. ನೋಡೋಕೆ ಬಂದವರಿಗೆ ಅದನ್ನ ಗುನುಗಿ ತೋರಿಸ್ಬೇಕು. ಕೆಳಗೆ ಒಂದು ಚೀಟಿ. ಹೊಲಿದವರು ಯಾರು, ಬಟ್ಟೆ ಎಲ್ಲೀದು, ರಾಗ ಯಾರದು. ಮೂರೇ ಸಾಲು."

ಯಾವುದಾದರೂ ಜನಪ್ರಿಯ ಹಾಡು ಆರಿಸಿಕೊಂಡರಾಯಿತೆಂದು ತಾಯಿ ಮನೆಗೆ ಬಂದಿದ್ದಳು. ಆದರೆ ಸೂಜಿಗೆ ದಾರ ಪೋಣಿಸಿ ಕೂತರೆ ಬೇರೆ ಯಾವ ರಾಗಕ್ಕೂ ಕೈ ಓಡಲಿಲ್ಲ. ನಾಲ್ಕು ಉದ್ದ ಹೊಲಿಗೆ ಮೇಲಕ್ಕೆ, ಎರಡು ಗಿಡ್ಡ ಕೆಳಕ್ಕೆ. ಬಾಯಿ ಮುಚ್ಚಿಕೊಂಡೇ ಕೈಯಲ್ಲಿ ಹಾಡುತ್ತಿದ್ದೇನೆ, ಇದು ಯಾರಿಗೂ ಕೇಳಿಸುವುದಿಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಅದಾದ ಎಂಟನೆಯ ದಿನಕ್ಕೇ ಬೆಳಗಿನ ಆ ಗುನುಗು.

ಹೊದಿಕೆಯನ್ನು ಹೇಗೋ ಹಿಂಡಿ ಒಣಹಾಕಿ ಬಂದು ತಾಯಿ ಕೌದಿಯನ್ನು ಕೈಗೆತ್ತಿಕೊಂಡಳು. ತಾನೇ ಅರಿವಿಲ್ಲದೆ ಗುನುಗಿದ್ದೆನೇ? ಇರಬಹುದು. ಆದರೆ ಆ 'ಕಟ್'? ಕತ್ತರಿಯ ಸದ್ದಲ್ಲ ಅದು, ಹಲ್ಲಿನ ಸದ್ದು. ಈ ಮನೆಯಲ್ಲಿ ಹಾಗೆ ಸದ್ದು ಮಾಡಿದವರು ಯಾರೂ ಇಲ್ಲ. ಎರಡೂವರೆ ವರ್ಷದ ಮಗು ನೆನಪಿಟ್ಟುಕೊಂಡಿರಲು ಸಾಧ್ಯವೇ? ಅಥವಾ ಈಗಲೂ ಯಾರೋ ಅವಳಿಗೆ...

ಆ ಯೋಚನೆಯನ್ನು ಅಲ್ಲಿಗೇ ತಡೆದು ಸೂಜಿ ಚುಚ್ಚಿದಳು. ಬೆರಳಿಗೆ ಚುಚ್ಚಿತು.

ಸಂಜೆ ಗುಂಡಿ ಶಾಲೆಯಿಂದ ಬಂದವಳೇ ಕೌದಿಯ ಪಕ್ಕ ಕೂತಳು. "ಈ ನೀಲಿ ಚೆನ್ನಾಗಿಲ್ಲ. ಆಸ್ಪತ್ರೆ ಪರದೆ ಥರ ಇದೆ."

"ಓಹೋ, ದೊಡ್ಡ ಮೇಸ್ತ್ರಿ ಬಂದ್ರು. ಬೇರೆ ಇದ್ರೆ ಹುಡುಕ್ಕೊಡಿ ಮೇಡಂ."

ಹೇಳಿ ಬಾಯಿ ಮುಚ್ಚುವಷ್ಟರಲ್ಲಿ ಹುಡುಗಿ ಮಂಚದ ಕೆಳಗಿನಿಂದ ಚಿಂದಿಯ ಗಂಟನ್ನು ಎಳೆದಾಗಿತ್ತು. ತಾಯಿಯ ಚಿಂದಿ ಇದ್ದದ್ದು ಬೀರುವಿನಲ್ಲಿ. ಇದು ಅಕ್ಕನ ಗಂಟು. ಆರೂವರೆ ವರ್ಷದಿಂದ ಬಿಚ್ಚಿರಲಿಲ್ಲ. ಬೇಡ ಎನ್ನುವ ಮೊದಲೇ ಗಂಟು ಬಿಚ್ಚಿ, ಹಳೆಯ ಬಟ್ಟೆಯ, ಯಂತ್ರದ ಎಣ್ಣೆಯ ವಾಸನೆ ಕೋಣೆಯ ತುಂಬ ಹರಡಿತು. ಯಾರೋ ಒಳಗೆ ಬಂದು ಕೂತಂತಾಯಿತು.

"ಅಬ್ಬ, ಎಷ್ಟೊಂದು! ಇದು ಯಾರದು?"

"ಹಳೇದು. ಯಂತ್ರದ ಜೊತೆ ಬಂದಿದ್ದು."

"ಇದೇನಿದು, ಕರ್ಚೀಫಾ?" ಬಿಳಿಯದೊಂದು ಚೌಕ. ಮೂಲೆಯಲ್ಲಿ ಕೆಂಪು ದಾರದ ಸರಪಳಿ ಹೊಲಿಗೆಯಲ್ಲಿ ಎರಡೇ ಅಕ್ಷರ. ಗುಂಡಿ ಬೆರಳಿಟ್ಟು ಓದಿದಳು. "ಚಿಮ್ಮ. ಚಿಮ್ಮ ಅಂದ್ರೆ ಯಾರು?"

ತಂಗಿಯ ಹುಟ್ಟುಹಬ್ಬಕ್ಕೆಂದು, ಮಗುವಿನ ಬಾಯಲ್ಲಿ ಬಂದ ಹಾಗೆಯೇ ಅಕ್ಕ ಹೊಲಿದದ್ದು ಅದು. ಕೊಡುವ ದಿನ ಬರುವ ಮೊದಲೇ ಜ್ವರ ಬಂದಿತ್ತು. ಇಂಥದೊಂದು ಇದೆಯೆಂದೇ ತಾಯಿಗೆ ತಿಳಿದಿರಲಿಲ್ಲ.

"ಯಾವುದೋ... ಬೊಂಬೆ ಹೆಸರಿರ್ಬೇಕು," ಎಂದಳು.

"ಬೊಂಬೆಗೆ ಕರ್ಚೀಫ್ ಯಾಕೆ? ಅದಕ್ಕೆ ನೆಗಡಿ ಆಗತ್ತಾ?"

ತಾಯಿ ನಗಲು ನೋಡಿದಳು, ಆಗಲಿಲ್ಲ. ಹುಡುಗಿಯೂ ನಗಲಿಲ್ಲ. ಕರ್ಚೀಫನ್ನು ನಾಲ್ಕಾಗಿ ಮಡಚಿ ಗಂಟಿನ ತಳದಲ್ಲಿಟ್ಟು, ಮೇಲಿನಿಂದ ಬೇರೊಂದು ನೀಲಿ ತುಂಡನ್ನು ಆರಿಸಿ ಕೊಟ್ಟಳು. ಸಂಜೆಯ ಕೊನೆಯ ಬೆಳಕಿನಂಥ ನೀಲಿ. ಅದು ಅಕ್ಕನ ಅಂಗಿಯದು. ತಾಯಿ ಅದನ್ನು ಬೇಡವೆನ್ನಲಾರದೆ ತೆಗೆದುಕೊಂಡು, ಅದರ ಮೇಲೆ ಹೊಲಿಗೆಯನ್ನು ಮೊದಲಿನಿಂದ ಶುರುಮಾಡಿದಳು.

"ಅಮ್ಮ, ಒಂದು ಮಾತು ಕೇಳ್ಲಾ?"

"ಕೇಳೇ."

"ಏನಿಲ್ಲ ಬಿಡು."

ಶನಿವಾರ ಟೀಚರು ಕೌದಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ನೀಲಿಯ ಮೇಲೆ ಬಿಳಿ ಹೊಲಿಗೆ ಸಾಲು ಸಾಲಾಗಿ ಹತ್ತಿ ಇಳಿದು ಸಾಗಿತ್ತು. "ಕೈ ಚೆನ್ನಾಗಿದೆ. ಆದ್ರೆ ಎಲ್ಲ ತುಂಬಿಹೋಗಿದೆಯಲ್ಲಮ್ಮ. ಬಿಟ್ಟ ಸ್ಥಳ ಎಲ್ಲಿ?"

ಆಗಲೇ ತಾಯಿ ಕಂಡದ್ದು. ಪ್ರತಿ ಸಾಲಿನಲ್ಲೂ ರಾಗ ನಿಲ್ಲುವ ಜಾಗಕ್ಕೆ ಬಂದಾಗ ಅವಳ ಕೈ ನಿಂತಿರಲಿಲ್ಲ. ಅಲ್ಲಿ ಇನ್ನಷ್ಟು ಒತ್ತೊತ್ತಾಗಿ, ಇರುವೆ ಸಾಲಿನಂತೆ ಸಣ್ಣ ಹೊಲಿಗೆ ಹಾಕಿ ಮುಚ್ಚಿಬಿಟ್ಟಿತ್ತು.

"ಭಯ ಬಿದ್ದು ಹೊಲಿದ ಹಾಗಿದೆ," ಎಂದು ಟೀಚರು ಮೆಲ್ಲಗೆ ಹೇಳಿ ಕೌದಿಯನ್ನು ವಾಪಸು ಕೊಟ್ಟರು.

ಸೋಮವಾರ ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಆ ಹೊಲಿಗೆಗಳನ್ನು ಬಿಚ್ಚಲು ಕೂತಳು. ಒಂದೊಂದೇ ಸಾಲು. ದಾರ ಬಂತು, ಆದರೆ ಸೂಜಿಯ ತೂತುಗಳು ಉಳಿದವು. ಬೆರಳಲ್ಲಿ ತಿಕ್ಕಿದರೂ ಹೋಗಲಿಲ್ಲ. ಕೊನೆಯ ಸಾಲಿಗೆ ಬಂದಾಗ ಕೈ ಹಾಗೇ ನಿಂತಿತು. ತಾನು ಹೊಲಿದು ಬಿಟ್ಟಲ್ಲಿಂದ ಮುಂದೆ ಇನ್ನೊಂದು ಸಾಲು ಇತ್ತು. ತನ್ನದಲ್ಲದ ಸಾಲು. ಹೊಲಿಗೆ ಸೊಟ್ಟಪಟ್ಟ, ಆದರೆ ಎಣಿಕೆ ಸರಿಯಾಗಿತ್ತು. ನಾಲ್ಕು ಹತ್ತಿತ್ತು, ಎರಡು ಇಳಿದಿತ್ತು, ಆಮೇಲೆ ಒಂದು ಬೆರಳು ಅಗಲ ಖಾಲಿ. ಬಟ್ಟೆ ತಿರುಗಿಸಿ ನೋಡಿದಳು. ಹಿಂಬದಿಯಲ್ಲಿ ದಾರದ ತುದಿ ಕತ್ತರಿಯಲ್ಲಿ ಕತ್ತರಿಸಿದಂತೆ ಚೊಕ್ಕವಾಗಿರಲಿಲ್ಲ. ಚಪ್ಪಟೆಯಾಗಿ, ಎಳೆ ಬಿಟ್ಟುಕೊಂಡಿತ್ತು. ಹಲ್ಲಿನಲ್ಲಿ ಕಚ್ಚಿದ ದಾರ.

ಹಾಡಹಗಲು. ಹೊರಗೆ ಯಾರೋ ಸೈಕಲ್ ಬೆಲ್ ಹೊಡೆಯುತ್ತಾ ಹೋದರು. ತಾಯಿ ಕೂತಲ್ಲೇ ಬೆನ್ನನ್ನು ಗೋಡೆಗೆ ಆನಿಸಿಕೊಂಡಳು, ಬೆನ್ನ ಹಿಂದೆ ಜಾಗ ಇರಬಾರದೆಂಬಂತೆ. ಯಂತ್ರದ ಕಡೆ ನೋಡಲು ಧೈರ್ಯ ಸಾಲಲಿಲ್ಲ. "ಅಕ್ಕ," ಎಂದಳು ಮೆಲ್ಲಗೆ. ಆರೂವರೆ ವರ್ಷದಲ್ಲಿ ಆ ಪದ ಬಾಯಿಂದ ಹೊರಬಿದ್ದದ್ದು ಅದೇ ಮೊದಲು. "ಅಕ್ಕ, ನಾನು ಕಿತ್ಕೊಳ್ಳಲಿಲ್ಲ ಕಣೆ. ಅವಳು ಕರೆದ್ಲು, ನಾನು ಓ ಅಂದೆ, ಅಷ್ಟೇ."

ಯಾರೂ ಓ ಎನ್ನಲಿಲ್ಲ.

ಶಾಲೆಯಿಂದ ಬಂದ ಗುಂಡಿಯನ್ನು ಚಪ್ಪಲಿ ಕಳಚಲೂ ಬಿಡದೆ ತಾಯಿ ಕೇಳಿದಳು, "ಇದು ಯಾರು ಹೊಲಿದಿದ್ದು?"

"ನಾನೇ. ನಿನ್ನೆ ನೀನು ಅಂಗಡಿಗೆ ಹೋಗಿದ್ಯಲ್ಲ ಆಗ. ಬೈತೀಯಾ?"

ತಾಯಿಯ ಉಸಿರು ಕೆಳಗಿಳಿಯಿತು. ಆದರೆ ಪೂರ್ತಿ ಇಳಿಯಲಿಲ್ಲ. "ಕತ್ತರಿ ಇರ್ಲಿಲ್ವಾ? ಹಲ್ಲಲ್ಲಿ ಯಾಕೆ ಕಚ್ಚಿದೆ?"

"ಕತ್ತರಿ ನಿನ್ನ ಕುತ್ತಿಗೇಲಿ ಇತ್ತು, ನಾನೆಲ್ಲಿಂದ ತರ್ಲಿ?" ಎಂದು, ಆಮೇಲೆ ತುಸು ತಡೆದು, "ಅಲ್ಲಿ ಹಾಗೇ ಮಾಡ್ಬೇಕು ಅನ್ನಿಸ್ತು. ನೀನು ಅಲ್ಲಿ ನಿಲ್ಲಿಸ್ತಾನೇ ಇರ್ಲಿಲ್ಲ. ಅಲ್ಲಿ ನಿಲ್ಲಿಸ್ಬೇಕು ಅಮ್ಮ. ಕಟ್ ಅಂತ ಬರತ್ತಲ್ಲ," ಎಂದಳು.

"ಯಾರು ಕಟ್ ಅನ್ನಿಸೋದು?"

ಗುಂಡಿ ತನ್ನ ಹೆಬ್ಬೆರಳಿನ ಉಗುರು ನೋಡಿಕೊಂಡಳು. "ಗೊತ್ತಿಲ್ಲ. ಮುಖ ಕಾಣಲ್ಲ. ಗಲ್ಲದ ಕೆಳಗಿಂದ ನೋಡಿದ ಹಾಗೆ ಇರತ್ತೆ."

ತೊಡೆಯ ಮೇಲೆ ಮಲಗಿದ ಮಗುವಿಗೆ ತಾಯಿ ಕಾಣುವುದು ಹಾಗೆಯೇ.

ಲಿಫ್ಟ್ ರಿಪೇರಿಯ ಕೆಲಸದಿಂದ ಗಂಡ ಸಂಜೆ ಮನೆಗೆ ಬಂದಾಗ, ಅವನ ಕೈಯ ಗ್ರೀಸು ತೊಳೆಯಲು ನೀರು ಹೊಯ್ಯುತ್ತಾ ಎಲ್ಲವನ್ನೂ ಪಿಸುದನಿಯಲ್ಲಿ ಹೇಳಿದಳು. ಅವನು ಬೆರಳ ಸಂದಿಗಳನ್ನು ತಿಕ್ಕುತ್ತಲೇ ಇದ್ದ.

"ಹೇಳ್ಬಿಡೇ. ಇನ್ನೆಷ್ಟು ದಿನ ಮಹಡಿ ಮಧ್ಯ ನಿಲ್ಲಿಸ್ತೀಯ? ಒಳಗಿರೋರಿಗೆ ಉಸಿರು ಕಟ್ಟತ್ತೆ."

"ಎಲ್ಲದಕ್ಕೂ ನಿಮಗೆ ಲಿಫ್ಟೇ ಬೇಕಾ?" ಅವಳ ಕಣ್ಣು ತುಂಬಿತ್ತು. "ಹೇಳಿದ ಮೇಲೆ ಅವಳು ನನ್ನ ಏನಂತ ಕರೀತಾಳೆ?"

ಅವನು ಒದ್ದೆ ಕೈಯನ್ನೇ ಅವಳ ತಲೆಯ ಮೇಲಿಟ್ಟು, "ಗ್ರೀಸು ಹೋಗಿದೆ, ನೋಡು," ಎಂದ.

ಆ ವಾರವಿಡೀ ತಾಯಿ ಬಿಚ್ಚಿದ ಜಾಗಗಳನ್ನು ಬಿಚ್ಚಿದಂತೆಯೇ ಬಿಟ್ಟಳು. ಪ್ರತಿ ಸಾಲಿನಲ್ಲೂ ಬೆರಳಗಲದ ಖಾಲಿ, ಖಾಲಿಯಲ್ಲಿ ಸೂಜಿಯ ತೂತುಗಳು. ಒಂದರ ಕೆಳಗೊಂದು ಸೇರಿ, ಇಡೀ ಕೌದಿಯ ನಡುವೆ ಯಾರೋ ಎದ್ದುಹೋದ ದಾರಿಯಂತೆ ಕಾಣುತ್ತಿತ್ತು. ಗುಂಡಿಯ ಸೊಟ್ಟ ಸಾಲನ್ನು ಅವಳು ಮುಟ್ಟಲಿಲ್ಲ. ಅಂಚು ಮಡಚಿ, ಹಿಂಬದಿಗೆ ಅಸ್ತರು ಕೂಡಿಸಿ, ಕೊನೆಯ ಗಂಟು ಹಾಕಿ, ಕುತ್ತಿಗೆಯ ಕತ್ತರಿಗೆ ಕೈ ಹಾಕಿದವಳು ಅದನ್ನು ಬಿಟ್ಟು, ದಾರವನ್ನು ಬಾಯಿಗೆ ತಂದಳು. ಕಟ್. ನಾಲಿಗೆಗೆ ಹತ್ತಿಯ ಸಪ್ಪೆ ರುಚಿ ತಗಲಿತು.

ಚೀಟಿಯಲ್ಲಿ ಮೊದಲ ಎರಡು ಸಾಲು ಬರೆಯಲು ಕಷ್ಟವಾಗಲಿಲ್ಲ. ಹೊಲಿದವರು: ನಾನು, ನನ್ನ ಮಗಳು. ಬಟ್ಟೆ: ಮನೆಯ ಹಳೆಯ ಗಂಟಿನದು. ಮೂರನೆಯ ಸಾಲಿಗೆ ಪೆನ್ನು ಎರಡು ದಿನ ಕಾದಿತು. ಶನಿವಾರ ಬೆಳಗ್ಗೆ, ಒಲೆಯ ಮೇಲೆ ಹಾಲು ಕಾಯಲಿಟ್ಟು ಬಂದು, ಯೋಚಿಸಿದರೆ ಆಗುವುದಿಲ್ಲವೆಂದು ಗಬಕ್ಕನೆ ಬರೆದಳು. ರಾಗ: ನನ್ನ ಅಕ್ಕನದು. ಬರೆದು ಮೇಜಿನ ಮೇಲೆ, ಗುಂಡಿಯ ಲೋಟದ ಪಕ್ಕದಲ್ಲಿ ಇಟ್ಟಳು. ಬಾಯಲ್ಲಿ ಹೇಳಲಾರದ್ದನ್ನು ಕಣ್ಣಿಗೆ ಬೀಳುವಂತೆ ಇಡಬಹುದಲ್ಲ. ಆಮೇಲೆ ಹಾಲು ಇಳಿಸಿ ಬಟ್ಟೆ ಒಗೆಯಲು ಹೋದಳು.

ಹೊದಿಕೆಯ ಸರದಿ ಬಂದು ತುದಿಯನ್ನು ನಲ್ಲಿಗೆ ಸುತ್ತುತ್ತಿದ್ದಾಗ ಹಿಂದೆ ಹೆಜ್ಜೆ ಸದ್ದಾಯಿತು.

"ಇಲ್ಲಿ ಕೊಡು," ಎಂದು ಗುಂಡಿ ಆ ತುದಿಯನ್ನು ಬಿಡಿಸಿಕೊಂಡಳು. "ನೀನು ಆ ಕಡೆ ತಿರುಗ್ಸು, ನಾನು ಈ ಕಡೆ."

ಇಬ್ಬರೂ ತಿರುಚಿದರು. ಹೊದಿಕೆ ಮೆಲ್ಲಗೆ ಹುರಿಗೊಂಡಿತು. ನೀರು ನಡುವಿನಿಂದ ಧಾರೆಯಾಗಿ ಬಿತ್ತು.

"ಪಕ್ಕದ ಮನೆಗೆ ಪಾಪು ಬಂದಿದೆ, ನೋಡಿದ್ಯಾ?" ಎಂದಳು ಗುಂಡಿ. "ಮಾತು ಸರಿಯಾಗಿ ಬರಲ್ಲ ಅದಕ್ಕೆ. ಅವರ ಚಿಕ್ಕಮ್ಮನ್ನ ಚಿಮ್ಮ ಅನ್ನತ್ತೆ."

ತಾಯಿಯ ಕೈ ತಿರುಚುವುದನ್ನು ನಿಲ್ಲಿಸಿತು. ಬಿಡಲಿಲ್ಲ. ಈ ಸಲ ಬಿಟ್ಟರೆ ನೀರೆಲ್ಲ ಮಗಳ ಮೇಲೆ ಬೀಳುತ್ತಿತ್ತು.

"ಚೀಟಿ ಓದಿದೆ," ಎಂದಳು ಗುಂಡಿ. "ನಿನಗೆ ಅಕ್ಕ ಇದ್ರಾ?"

"ಇದ್ಲು."

"ಅವರು ದಾರ ಹಲ್ಲಲ್ಲಿ ಕಚ್ತಿದ್ರಾ?"

"ಹೂಂ."

"ಆ ಕರ್ಚೀಫು ಬೊಂಬೇದಲ್ಲ ಅಲ್ವಾ?"

"ಅಲ್ಲ. ನಂದು."

ಗುಂಡಿ ತಲೆ ಆಡಿಸಿದಳು, ಲೆಕ್ಕ ಬಿಡಿಸುವಾಗ ಒಂದು ಮೆಟ್ಟಿಲು ಸರಿಯಾದರೆ ಆಡಿಸುವ ಹಾಗೆ. ಹೊದಿಕೆಯ ತುದಿಯನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿ ಹಿಡಿದಿದ್ದಳು. ಅಂಗಿ ಒದ್ದೆಯಾಗುತ್ತಿದ್ದದ್ದು ಅವಳ ಗಮನಕ್ಕೇ ಬಂದಿರಲಿಲ್ಲ.

"ಅಮ್ಮ, ಒಂದು ಮಾತು ಕೇಳ್ಲಾ?"

ತಾಯಿಗೆ ಬೆನ್ನ ಹಿಂದೆ ಮತ್ತೆ ಅದೇ, ಯಾರೋ ತಿರುಗಿದಂಥ ಭಾವ. ಈ ಸಲ ಅವಳು ಬೆನ್ನನ್ನು ಗೋಡೆಗೆ ಆನಿಸಲಿಲ್ಲ. ಬಂದವರು ಬರಲಿ, ನಿಂತು ಕೇಳಲಿ ಎಂದು ತುಸು ಪಕ್ಕಕ್ಕೆ ಸರಿದು ಜಾಗ ಬಿಟ್ಟಳು.

"ಕೇಳು ಮಗಳೇ."

ಹುಡುಗಿ ಏನಿಲ್ಲ ಬಿಡು ಎನ್ನಲಿಲ್ಲ.

"ನಾನು ಚಿಕ್ಕೋಳಿದ್ದಾಗ ನಿನ್ನ ಚಿಮ್ಮ ಅಂತಿದ್ರೆ, ಆಗ ಅಮ್ಮ ಅಂತ ಯಾರನ್ನ ಕರೀತಿದ್ದೆ?"